ಎರಡನೆಯ ಪುಟಕ್ಕೆ ತಳ್ಳಿದ ಮಾತು

ಜಾಗ ಇತ್ತು, ಟೀಚರ್. ನಿಮ್ಮ ಹೇಳಿಕೆ ಮೊದಲ ಪುಟದಲ್ಲೇ ಪೂರ್ತಿಯಾಗಿ ಹಿಡಿಸುವಷ್ಟು ಜಾಗ ಇತ್ತು. ಅದನ್ನು ನಡುವೆ ಮುರಿದು, ಉಳಿದ ಅರ್ಧವನ್ನು ಎರಡನೆಯ ಪುಟಕ್ಕೆ ತಳ್ಳಿದವಳು ನಾನು. ಕೈತಪ್ಪಿ ಅಲ್ಲ, ಅವಸರಕ್ಕೂ ಅಲ್ಲ — ಎಲ್ಲಿ ಮುರಿದರೆ ನಿಮಗೆ ಹೆಚ್ಚು ಪೆಟ್ಟಾಗುತ್ತದೆ ಎಂದು ನೋಡಿ, ಅಲ್ಲೇ ಮುರಿದೆ.

ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಮಗಳ ಕೈಯಲ್ಲಿ ಅಂಥದ್ದು ಆಗೋದಿಲ್ಲ ಎಂದು ನಂಬಿಕೊಂಡೇ ಅಪ್ಪ ಕಣ್ಣು ಮುಚ್ಚಿದರು. ನೀವು ಈಗ ಎಲ್ಲಿದ್ದೀರೋ, ಇದ್ದೀರೋ ಇಲ್ಲವೋ, ಅದೂ ಗೊತ್ತಿಲ್ಲ. ಆದರೂ ನಿಮಗೇ ಬರೆಯುತ್ತಿದ್ದೇನೆ. ನಾನು ನಾಗು, ಪ್ರೆಸ್ಸಿನ ಮನೆಯ ನಾಗರತ್ನ.

ನಿಮ್ಮನ್ನು ಬಿಟ್ಟು ಬೇರೆ ಯಾರಾದರೂ ಇದನ್ನು ಓದಿದರೆ ಅವರಿಗೂ ತಿಳಿಯಲಿ. ಚಿಂತಾಮಣಿಯಲ್ಲಿ ನಮ್ಮ ಮನೆಯ ಮುಂಭಾಗವೇ ಪ್ರೆಸ್ಸು. ಮದುವೆಯ ಕರೆಯೋಲೆ, ಹರಾಜಿನ ನೋಟೀಸು, ಜೊತೆಗೆ ವಾರಕ್ಕೊಂದು ಪತ್ರಿಕೆ. ಪತ್ರಿಕೆ ಅಂದರೆ ಒಂದೇ ದೊಡ್ಡ ಹಾಳೆ. ಮಡಚಿದರೆ ನಾಲ್ಕು ಪುಟ, ಪುಟಕ್ಕೆ ಮೂರು ಕಾಲಂ. ಮದುವೆಯಾಗಿ ಗೌರಿಬಿದನೂರಿಗೆ ಹೋದ ನಾನು ಗಂಡ ಸತ್ತು ವಾಪಸ್ಸು ಬಂದಾಗ ಅಪ್ಪ ನನ್ನನ್ನು ಮೂಲೆಯಲ್ಲಿ ಕೂಡಿಸಲಿಲ್ಲ, ಅಚ್ಚಿನ ಮೊಳೆಗಳ ಪೆಟ್ಟಿಗೆಯ ಮುಂದೆ ನಿಲ್ಲಿಸಿದರು. ಊರವರು ಆಡಿಕೊಂಡರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಬರಬರುತ್ತಾ ಮೊಳೆ ಜೋಡಿಸುವುದಷ್ಟೇ ಅಲ್ಲದೆ ಪುಟ ಕಟ್ಟುವ ಕೆಲಸವೂ ನನಗೇ ಬಂತು.

ಪುಟ ಕಟ್ಟುವುದರಲ್ಲಿ ತಲೆನೋವಿನ ಕೆಲಸ ಕಾಲಂ ಎಲ್ಲಿ ಮುರಿಯಬೇಕು ಅನ್ನುವುದು. ಬರಹ ಒಂದು ಕಾಲಮಿನ ಬುಡಕ್ಕೆ ಬಂದೂ ಮುಗಿಯದಿದ್ದರೆ ಪಕ್ಕದ ಕಾಲಮಿನ ತಲೆಗೆ ಏರಬೇಕು. ಅದರಷ್ಟಕ್ಕೆ ಬಿಟ್ಟರೆ ಕೆಳಗೆ ಬರೀ ತಲೆಬರಹ ಉಳಿದು ಸುದ್ದಿಯೆಲ್ಲ ಪಕ್ಕಕ್ಕೆ ಹೋಗುತ್ತದೆ, ಇಲ್ಲವೆ ಕೊನೆಯ ಒಂದು ಸಾಲು ಮಾತ್ರ ಮೇಲೆ ಒಂಟಿಯಾಗಿ ನಿಲ್ಲುತ್ತದೆ. ಹಾಗಾಗದಂತೆ ಸಾಲುಗಳ ನಡುವೆ ಸೀಸದ ತೆಳು ಪಟ್ಟಿ ಸೇರಿಸಿ ಕೆಳಕ್ಕೆ ದೂಡಬಹುದು, ಪಟ್ಟಿ ತೆಗೆದು ಮೇಲಕ್ಕೆ ಎಳೆದುಕೊಳ್ಳಬಹುದು. ಓದುವವರಿಗೆ ಇದು ಯಾವುದೂ ಕಾಣುವುದಿಲ್ಲ. ಜಾಗ ಸಾಲದೆ ಮುರಿಯಿತು ಅಂದುಕೊಳ್ಳುತ್ತಾರೆ, ಅಷ್ಟೆ.

ಅಪ್ಪನದು ಒಂದು ಕಟ್ಟುನಿಟ್ಟು ಇತ್ತು. ಒಬ್ಬರ ಮಾನಕ್ಕೆ ಸಂಬಂಧಪಟ್ಟ ಬರಹ ಮೊದಲ ಪುಟದಲ್ಲಿ ಶುರುವಾದರೆ ಅಲ್ಲೇ ಮುಗಿಯಬೇಕು. ಹಿಡಿಸದಿದ್ದರೆ ಬೇರೆ ಸುದ್ದಿ ಕಿತ್ತುಹಾಕು ಅನ್ನುತ್ತಿದ್ದರು. ಕಾರಣ ಗೋಡೆ. ನಮ್ಮ ಪತ್ರಿಕೆ ಕೊಂಡು ಓದುವವರು ಲಾಯರು, ಮೇಷ್ಟರು, ರೇಷ್ಮೆ ವ್ಯಾಪಾರಿಗಳು — ಕೆಲವೇ ಜನ. ಉಳಿದವರೆಲ್ಲ ಗೋಡೆಯ ಮೇಲೆ ಓದುವವರು. ಕೈವಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಬಸ್ಸು ನಿಲ್ಲುವ ಕಡೆ ಹಾಳೆ ಬಿಚ್ಚಿ, ಒಳಮೈಗೆ ಮೈದಾ ಅಂಟು ಬಳಿದು ಗೋಡೆಗೆ ಹಚ್ಚುತ್ತಿದ್ದರು. ಮೊದಲ ಪುಟವೂ ಕೊನೆಯ ಪುಟವೂ ಜನರ ಕಡೆ, ಎರಡನೆಯದೂ ಮೂರನೆಯದೂ ಗೋಡೆಯ ಕಡೆ. ನಿಮ್ಮ ಅರ್ಧ ಮಾತನ್ನು ನಾನು ಎಲ್ಲಿಗೆ ಕಳಿಸಿದೆ ಅಂತ ಈಗ ಗೊತ್ತಾಗಿರಬೇಕು.

ಮೈಸೂರು ರಾಜ್ಯ ದೊಡ್ಡದಾದ ಹೊಸತು ಅದು. ಕೈವಾರದ ಸರೋಜ ದಿನವೂ ಬಸ್ಸಿನಲ್ಲಿ ಬಂದು ನಿಮ್ಮ ಮಿಡ್ಲ್ ಸ್ಕೂಲಿನಲ್ಲಿ ಓದುತ್ತಿದ್ದಳು. ಅವಳಪ್ಪ ಅವಳನ್ನು ಹೆಂಡತಿ ಸತ್ತ ಒಬ್ಬ ಜಮೀನುದಾರನಿಗೆ ಕೊಡುವುದೆಂದು ಮಾತಾಡಿದ. ಲಗ್ನ ಇಡಿಸುವ ಮುಂಚೆಯೇ ಹುಡುಗಿ ಕಾಣೆಯಾದಳು. ಟೀಚರಮ್ಮನ ಜೊತೆ ಬಸ್ಸು ಹತ್ತಿದ್ದನ್ನು ಕಂಡವರಿದ್ದರು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಯಾರಿಗೋ ಒಪ್ಪಿಸಿಬಿಟ್ಟಳಂತೆ ಅನ್ನುವವರೆಗೆ ಮಾತು ಬೆಳೆಯಿತು. ನಿಮ್ಮ ಕೆಲಸ, ನಿಮ್ಮ ಮಾನ, ಆ ಹುಡುಗಿಯ ಓದು — ಎಲ್ಲಾ ನಿಮ್ಮ ಒಂದು ಹೇಳಿಕೆಯ ಮೇಲೆ ನಿಂತಿತ್ತು. ಅದನ್ನು ಬರೆದು ತಂದಿರಿ. ಅಪ್ಪ ರೇಷ್ಮೆಗೂಡಿನ ಮಾರುಕಟ್ಟೆಯ ಸುದ್ದಿಗೆಂದು ಶಿಡ್ಲಘಟ್ಟಕ್ಕೆ ಹೋಗಿದ್ದರಿಂದ ಕಾಗದ ನನ್ನ ಕೈಗೇ ಬಂತು.

"ಪೂರ್ತಿ ಹಾಕ್ತೀಯಲ್ಲ ನಾಗು? ಅರ್ಧ ಓದಿದ್ರೆ ಜನಕ್ಕೆ ಬೇರೆ ಥರಾನೇ ಕಾಣುತ್ತೆ ಕಣಮ್ಮ."

"ಹಾಕ್ತೀನಿ ಟೀಚರ್."

ಆಗ ನಾನು ಸುಳ್ಳು ಹೇಳಲಿಲ್ಲ. ಇನ್ನೂ ಓದಿರಲಿಲ್ಲ.

ಮೊಳೆ ಜೋಡಿಸುವವರ ಓದು ಬಹಳ ನಿಧಾನ, ಒಂದೊಂದು ಅಕ್ಷರವೂ ಬೆರಳಿಗೆ ತಾಗಿಯೇ ಮುಂದೆ ಹೋಗಬೇಕು. ನೀವು ಬರೆದಿದ್ದಿರಿ — "ಸರೋಜಳನ್ನು ಆಕೆಯ ತಂದೆಗೆ ತಿಳಿಸದೆ ಬಸ್ಸಿನಲ್ಲಿ ಕರೆದೊಯ್ದವಳು ನಾನೇ. ಹೆತ್ತವರನ್ನು ಕೇಳದೆ ಮಗುವನ್ನು ಮನೆಯಿಂದ ದೂರ ಮಾಡುವುದು ತಪ್ಪೆಂಬುದನ್ನು ಒಪ್ಪುತ್ತೇನೆ." ಕರೆದೊಯ್ದವಳು ನಾನೇ ಅನ್ನುವಲ್ಲಿ ನನ್ನ ಕೈ ನಿಂತಿತು.

ನಾನೂ ನಿಮ್ಮ ಮನೆಗೆ ಬಂದಿದ್ದೆನಲ್ಲ, ಟೀಚರ್ — ನಿಮ್ಮ ಶಾಲೆಯಲ್ಲೇ ಓದುತ್ತಿದ್ದಾಗ, ನನ್ನ ಮದುವೆಗೆ ಮುಂಚೆ. ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಿರಿ. ಈ ಮದುವೆ ಬೇಡ, ನಮ್ಮಪ್ಪಂಗೆ ಒಂದು ಮಾತು ಹೇಳಿ, ನೀವು ಹೇಳಿದ್ರೆ ಕೇಳ್ತಾರೆ ಅಂತ ನಿಮ್ಮ ಸೆರಗು ಹಿಡಿದುಕೊಂಡೆ. ಅಪ್ಪ ಕೇಳುತ್ತಿದ್ದರು, ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ನೀವು ಒದ್ದೆ ಕೈಯಿಂದ ನನ್ನ ಕೈ ಬಿಡಿಸಿ, "ಅಪ್ಪನ ಮಾತು ಮೀರ್ಬಾರ್ದು ಕಣಮ್ಮ, ಎಲ್ಲಾ ಸರಿಹೋಗುತ್ತೆ" ಅಂದಿರಿ. ಏನೂ ಸರಿಹೋಗಲಿಲ್ಲ. ಗೌರಿಬಿದನೂರಿನ ಆ ಮನೆಯಲ್ಲಿ ನಾನು ಹೇಗಿದ್ದೆ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೇ ಒಂದು ನೆಪವಾಗುತ್ತದೆ. ಆದರೆ ಅಲ್ಲಿ ಇದ್ದಷ್ಟು ದಿನವೂ ನಿಮ್ಮ ಬಗ್ಗೆ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಪಾಪ, ಅವರ ಕೈಲಿ ಏನಿತ್ತು, ಅವರೂ ಹೆಂಗಸು, ಹೆದರಿಕೆ ಇರೋದಿಲ್ಲವೆ ಅಂತ. ಕೊನೆಗೆ ನೋಡಿದರೆ ನಿಮಗೆ ಧೈರ್ಯವಿತ್ತು. ನನ್ನ ಪಾಲಿಗೆ ಮಾತ್ರ ಇರಲಿಲ್ಲ.

ಮುಂದಿನದನ್ನೂ ಜೋಡಿಸಿದೆ. "ಆದರೆ ಹೆತ್ತವರಲ್ಲಿ ತಾಯಿಯೂ ಸೇರಿದ್ದಾಳೆ. ಆ ತಾಯಿಯೇ ಮಗಳನ್ನು ತಂದು ನನ್ನ ಕೈಗೊಪ್ಪಿಸಿದಳು. ಹುಡುಗಿ ಚಿಕ್ಕಬಳ್ಳಾಪುರದಲ್ಲಿ ತನ್ನ ಚಿಕ್ಕಮ್ಮನ ಮನೆಯಲ್ಲಿದ್ದು ಹೈಸ್ಕೂಲಿಗೆ ಸೇರಿದ್ದಾಳೆ. ಯಾರು ಬೇಕಾದರೂ ಹೋಗಿ ನೋಡಬಹುದು." ಆಮೇಲೆ ಕೊನೆಯ ಮಾತು — "ಹಿಂದೆ ಒಬ್ಬ ವಿದ್ಯಾರ್ಥಿನಿ ಹೀಗೆಯೇ ಬಂದು ನನ್ನನ್ನು ಬೇಡಿಕೊಂಡಿದ್ದಳು. ಊರಿಗೆ ಹೆದರಿ ಹಿಂದಕ್ಕೆ ಕಳಿಸಿದೆ. ಅವಳ ಬಾಳು ಏನಾಯಿತೆಂದು ಕಣ್ಣಾರೆ ನೋಡುತ್ತಿದ್ದೇನೆ. ಅವಳ ಕ್ಷಮೆ ಕೇಳಲು ನನಗಿನ್ನೂ ಬಾಯಿ ಬಂದಿಲ್ಲ. ಮತ್ತೊಬ್ಬಳನ್ನು ಹಾಗೆ ಕಳಿಸಲಾರದೆ ಹೋದೆ."

ಒಳ್ಳೆಯವಳಾಗಿದ್ದರೆ ಅತ್ತುಬಿಡುತ್ತಿದ್ದೆ. ನನಗೆ ಬಂದದ್ದು ಸಿಟ್ಟು. ಒಬ್ಬ ವಿದ್ಯಾರ್ಥಿನಿಯಂತೆ. ಎದುರಿಗೇ ನಿಂತು ಕಾಗದ ಕೊಟ್ಟವರು ನನ್ನ ಮುಖ ನೋಡಿ ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ನನ್ನ ಕ್ಷಮೆಯ ಮಾತನ್ನು ನನ್ನ ಕೈಯಿಂದಲೇ ಜೋಡಿಸಿ ಊರಿಗೆ ಹಂಚಬೇಕಿತ್ತು. ಕೆಟ್ಟದ್ದು ನನ್ನ ಬಾಳು, ಅದರಿಂದ ಬುದ್ಧಿ ಬಂದದ್ದು ನಿಮಗೆ, ಬದುಕಿಕೊಂಡವಳು ಇನ್ನೊಬ್ಬಳು — ಇದು ಯಾವ ನ್ಯಾಯ ಅಂತ ನನಗೆ ಆವತ್ತು ಉರಿದುಹೋಯಿತು. ನೀವು ನನಗೆ ದ್ರೋಹ ಮಾಡಿದಿರಿ ಅನ್ನಿಸಿತು. ಈಗಲೂ ಒಂದೊಂದು ಸಲ ಹಾಗೆ ಅನ್ನಿಸುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ.

ಮೊದಲ ಕಾಲಮಿನ ತಲೆಯಲ್ಲಿ ಇಡಬೇಕಾದ ನಿಮ್ಮ ಹೇಳಿಕೆಯನ್ನು ಮೂರನೆಯ ಕಾಲಮಿನ ನಡುವಿಗೆ ಇಳಿಸಿದೆ. ಅದರ ಮೇಲೆ ಮಳೆಯ ಸುದ್ದಿ, ಆಲೂಗಡ್ಡೆ ಬಿತ್ತನೆಯ ಪ್ರಕಟಣೆ. ಆ ಪ್ರಕಟಣೆಯ ಸಾಲುಗಳ ನಡುವೆ ಸೀಸದ ಪಟ್ಟಿ ಸೇರಿಸುತ್ತಾ ಹೋದೆ — "ಒಪ್ಪುತ್ತೇನೆ" ಅನ್ನುವ ಪದ ಪುಟದ ಕಟ್ಟಕಡೆಯ ಸಾಲಿಗೆ ಬಂದು ಕೂರುವವರೆಗೆ. ಅದರ ಕೆಳಗೆ 'ಎರಡನೆಯ ಪುಟಕ್ಕೆ' ಅಂತ ನಮ್ಮಲ್ಲಿದ್ದ ಅತಿ ಸಣ್ಣ ಅಕ್ಷರದಲ್ಲಿ ಹಾಕಿದೆ. ವಾಕ್ಯ ಮುಗಿದಿತ್ತು, ಪ್ಯಾರಾ ಮುಗಿದಿತ್ತು, ಒಂಟಿ ಸಾಲು ಎಲ್ಲೂ ಇರಲಿಲ್ಲ. ನಾನು ಕಟ್ಟಿದ ಪುಟಗಳಲ್ಲೆಲ್ಲ ಕಾಲಂ ಅಷ್ಟು ಅಂದವಾಗಿ ಮುರಿದದ್ದು ಬೇರೆ ಇಲ್ಲ.

ಸಂಜೆ ಅಪ್ಪ ಬಂದಾಗ ಅಚ್ಚು ಮುಗಿದು ಕಟ್ಟುಗಳು ಬಸ್ಸಿಗೆ ಹೋಗಿಯಾಗಿತ್ತು. ಒಂದು ಪ್ರತಿ ಹಿಡಿದು ನೋಡಿದರು. "ಜಾಗ ಇರ್ಲಿಲ್ವೇನಮ್ಮ?" ಅಂದರು.

"ಇರ್ಲಿಲ್ಲ ಅಪ್ಪ."

ಅವರು ಹಾಳೆಯನ್ನು ಮಡಚಿ ಇಟ್ಟರು.

ಕೈವಾರದ ಬಸ್ ನಿಲ್ದಾಣದಲ್ಲಿ ಓದು ಬಂದವರು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿದರಂತೆ. ಟೀಚರಮ್ಮನೇ ಒಪ್ಕೊಂಡವ್ರಲ್ಲ, ಇನ್ನೇನು ಬೇಕು ಅಂದರಂತೆ. ಎರಡನೆಯ ಪುಟ ಓದಿದ ಲಾಯರು, ಮೇಷ್ಟರು ಇದ್ದರು. ಅವರು ಯಾರೂ ಊರಿಗೆ ಎದುರಾಗಿ ಬಾಯಿ ಬಿಡಲಿಲ್ಲ. ಹಳ್ಳಿಗಳ ಕಡೆಯವರು ಒಬ್ಬೊಬ್ಬರಾಗಿ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿದರು. ಊರು ತನ್ನ ಕಡೆ ಇದೆ ಎಂದು ಗೊತ್ತಾದ ಮೇಲೆ ಸರೋಜಳ ಅಪ್ಪ ಜನ ಕಟ್ಟಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗಿ ಅವಳನ್ನು ಎಳೆದು ತಂದ. ಹೇಳಿಕೆ ಬರಲಿ, ನಾನೇ ನಾಲ್ಕು ಜನರ ಮುಂದೆ ನಿಲ್ಲುತ್ತೇನೆ ಎಂದು ನಿಮಗೆ ಮಾತು ಕೊಟ್ಟಿದ್ದ ಆ ತಾಯಿ, ಜನ ಬಂದು ಕೇಳಿದಾಗ "ನಾಕೇಮೀ ತೆಲೀದು, ನನಗೇನೂ ಗೊತ್ತಿಲ್ಲ" ಅಂದುಬಿಟ್ಟಳು. ಮೊದಲ ಪುಟದಲ್ಲೇ ಪೂರ್ತಿ ಅಚ್ಚಾಗಿದ್ದರೆ ಅವಳು ನಿಲ್ಲುತ್ತಿದ್ದಳೋ ಏನೋ. ಜನರ ಕಣ್ಣಿಗೆ ಅರ್ಧವೇ ಬಿದ್ದು ಅವಳು ಒಂಟಿಯಾದಳು, ನೀವೂ ಒಂಟಿಯಾದಿರಿ. ಶಾಲೆಯವರು ನಿಮಗೆ ಹೊರಡಲು ಹೇಳಿದರು.

ಹೊರಡುವ ಮುನ್ನ ಪ್ರೆಸ್ಸಿಗೆ ಬಂದಿರಿ. ಅಪ್ಪ ಕೈ ಮುಗಿದು, ಜಾಗ ಸಾಲದೆ ಹೀಗಾಯ್ತು, ನನ್ನ ಮಗಳು ಬೇಕಂತ ಮಾಡೋಳಲ್ಲ, ಈ ವಾರ ಮೊದಲ ಪುಟದಲ್ಲೇ ಪೂರ್ತಿ ಹಾಕಣ ಅಂದರು. ನೀವು ಬೇಡ ಅಂದಿರಿ. "ಈಗ ಆ ತಾಯಿ ವಿಷಯ ಗೋಡೆ ಮೇಲೆ ಬಂದ್ರೆ ಮನೇಲಿ ಅವಳನ್ನ ಬಾಳೋಕೆ ಬಿಡಲ್ಲ. ಹೋಗ್ಲಿ ಬಿಡಿ." ಆಮೇಲೆ ನನ್ನ ಹತ್ತಿರ ಬಂದು ನಿಂತಿರಿ. ಕೈಯಲ್ಲಿದ್ದ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಿರಿ.

"ನೀನೇ ಜೋಡಿಸ್ದೆ ಅಲ್ವಾ ನಾಗು? ಕೊನೇವರೆಗೂ ಓದಿದ್ಯಾ?"

ನೀವು ಏನು ಕೇಳುತ್ತಿದ್ದೀರಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹ್ಞೂಂ ಅಂದಿದ್ದರೆ ನಿಮಗೆ ಬಾಯಿ ಬರುತ್ತಿತ್ತು — ಇಬ್ಬರೂ ಅಳುತ್ತಿದ್ದೆವೋ, ಜಗಳವಾಡುತ್ತಿದ್ದೆವೋ, ಏನೋ ಒಂದು. ನಾನು ಮೊಳೆ ಆರಿಸುತ್ತಲೇ, ತಲೆ ಎತ್ತದೆ ಹೇಳಿದೆ.

"ಇಲ್ಲ ಟೀಚರ್. ಜೋಡಿಸೋವಾಗ ನಾವು ಅರ್ಥ ಎಲ್ಲಿ ನೋಡ್ತೀವಿ."

"ಹೌದಲ್ಲ" ಅಂದಿರಿ. ನಾನು ತಲೆ ಎತ್ತುವ ಹೊತ್ತಿಗೆ ನೀವು ಬೀದಿಗೆ ಇಳಿದಿದ್ದಿರಿ. ನಾನು ಮಾಡಿದ್ದರಲ್ಲಿ ಕಾಲಂ ಮುರಿದದ್ದು ಹೆಚ್ಚೋ ಈ ಮಾತು ಹೆಚ್ಚೋ — ತೂಗಿ ನೋಡಲು ನನಗೆ ಆಗಿಲ್ಲ.

ನಿಮ್ಮನ್ನು ಹುಡುಕುವುದಕ್ಕೆ ತಡವಾಗಿತ್ತು. ಸರೋಜ ಶಿಡ್ಲಘಟ್ಟದಲ್ಲಿ ಮಗನ ಮನೆಯಲ್ಲಿದ್ದಾಳೆ ಎಂದು ಗೊತ್ತಾದದ್ದು ಹೋದ ತಿಂಗಳು. ಹೋದೆ. ಅವಳಿಗೂ ಕೂದಲು ಪೂರ್ತಿ ಬೆಳ್ಳಗಾಗಿದೆ. ನಾನು ಯಾರು ಅಂತ ಹೇಳಿದೆ, ಕಾಲಂ ಮುರಿದದ್ದು ಹೇಳಿದೆ. ಎರಡನೆಯ ಪುಟಕ್ಕೆ ಹೋದ ನಿಮ್ಮ ಮಾತನ್ನು, ಜೋಡಿಸಿದ ಬೆರಳಿಗೆ ನೆನಪಿದ್ದ ಹಾಗೆ, ಒಂದಕ್ಷರ ಬಿಡದೆ ಒಪ್ಪಿಸಿದೆ.

"ಅಪ್ಪ ಎಳ್ಕೊಂಡು ಬಂದಾಗ ಬಸ್ಸಿಳಿದ ತಕ್ಷಣ ಗೋಡೆ ಮೇಲೆ ಓದ್ದೆ ಅಕ್ಕ" ಅಂದಳು ಸರೋಜ. "ನನ್ನ ಕರ್ಕೊಂಡು ಹೋಗಿದ್ದು ತಪ್ಪು ಅಂತ ಟೀಚರೇ ಬರ್ದಿದ್ರು. ಬಿಟ್ಕೊಟ್ಬಿಟ್ರು ಅಂದ್ಕೊಂಡೆ. ನನ್ನ ಮದುವೆ ದಿನ ಬಂದು ದೂರದಲ್ಲಿ ನಿಂತಿದ್ರು ಅವರು. ನಾನು ಮುಖ ತಿರುಗಿಸ್ಕೊಂಡೆ."

ನೀವು ಹೋಗಿದ್ದಿರಿ ಅನ್ನುವುದೇ ನನಗೆ ಗೊತ್ತಿರಲಿಲ್ಲ, ಟೀಚರ್. ಅವಳು ಯಾಕೆ ಮುಖ ತಿರುಗಿಸಿದಳು ಅನ್ನುವುದು ನಿಮಗೆ ಗೊತ್ತಾಗಿರಲಿಕ್ಕಿಲ್ಲ.

ಸರೋಜ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು, "ಆ ಇನ್ನೊಬ್ಳು ಹುಡುಗಿ ಯಾರಕ್ಕ? ಟೀಚರ್ ವಾಪಸ್ ಕಳ್ಸಿದ್ರಲ್ಲ, ಅವಳು?"

"ನಾನೇ ಕಣಮ್ಮ."

ಅವಳು ನನ್ನ ಹಣೆ ನೋಡಿದಳು, ಬರಿಗೈ ನೋಡಿದಳು.

"ಹಂಗಾದ್ರೆ ಅದು ಹೆಂಗಿರುತ್ತೆ ಅಂತ ನಿಮಗೆ ಗೊತ್ತಿತ್ತು" ಅಂದಳು.

ಗೊತ್ತಿತ್ತು ಅಂದೆ.