ಅಜ್ಜಿ ಹಾಕಿದ ಅವಲಕ್ಕಿ

ಮಗಳು ಅಕ್ವೇರಿಯಂನ ಕಲ್ಲು ತೊಳೆಯಲು ಇವತ್ತು ಸೋಪಿನ ಪುಡಿ ತಂದಳು. ಆ ವಾಸನೆಗೆ ನಾನು ಮೂಡುಬಿದಿರೆಯ ನಮ್ಮ ಹಳೆಯ ಬಚ್ಚಲಿಗೆ ಹೋಗಿಬಿಟ್ಟೆ.

ನಮ್ಮದು ಜೈನರ ಮನೆ. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿದ ಮೇಲೆ, ಬಟ್ಟೆಗೆ ಅಂಟಿದ ಕಾಣದ ಜೀವಗಳನ್ನೂ ಅಜ್ಜಿ ತಿರುಗಿ ಬಾವಿಗೇ ಬಿಡುತ್ತಿದ್ದರು. ನಾನು ಸಾಕಲು ಮೂರು ಮೀನು ತಂದಾಗ, "ಗಾಜಿನೊಳಗೆ ಯಾಕೆ ಮಗಾ ಅವಕ್ಕೆ ಸೆರೆ?" ಎಂದಿದ್ದರು. ಆದರೂ ದಿನಾ ಒಂದು ಚಿಟಿಕೆ ಅವಲಕ್ಕಿ ಪುಡಿ ಮಾಡಿ ಹಾಕುತ್ತಿದ್ದರು.

ನೆಂಟರು ಬರುತ್ತಾರೆಂದು ಒಂದು ಬೆಳಿಗ್ಗೆ ನಾನು ಕಲ್ಲುಗಳನ್ನು ಸೋಪಿನ ಪುಡಿಯಲ್ಲಿ ತಿಕ್ಕಿ, ಹೊಸ ನೀರು ತುಂಬಿಸಿದೆ. ಮಧ್ಯಾಹ್ನ ಮೂರೂ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕಲ್ಲಿನ ಸಂದಿಯಲ್ಲಿ ಉಳಿದಿದ್ದ ನೊರೆ ನನಗೊಬ್ಬನಿಗೇ ಕಂಡಿತು.

"ಎಂತ ಮಾಡಿದ್ದು ನೀನು?" ಅಪ್ಪ ಕೇಳಿದರು.

"ಅಜ್ಜಿ ಅವಲಕ್ಕಿ ಹಾಕ್ತಾರಲ್ಲ, ಅದಕ್ಕೇ ಇರಬೇಕು" ಎಂದೆ.

ಮರುದಿನ ಅಜ್ಜಿಯನ್ನು ಊಟಕ್ಕೆ ಕರೆದರೆ, "ನನಗೆ ಉಪವಾಸ ಉಂಟು" ಎಂದರು. ಮೂರು ಮೀನಿಗೆ ಮೂರು ದಿನ. ಅವರ ಎದುರೇ ಕೂತು ನಾನು ಮೂರೂ ದಿನ ಹೊಟ್ಟೆ ತುಂಬ ಉಂಡೆ.

ಮಗಳ ಕೈಯಿಂದ ಪುಡಿ ತೆಗೆದಿಟ್ಟೆ. "ಬರೀ ನೀರಲ್ಲಿ ತೊಳಿ. ಸೋಪು ಹಾಕಿದರೆ ಸಾಯ್ತವೆ."

"ನಿಮಗೆ ಹೇಗೆ ಗೊತ್ತು?"

"ಅಂಗಡಿಯವರು ಹೇಳಿದ್ದು" ಎಂದೆ.