ಸೊಪ್ಪು ಬಿಡಿಸುವ ಜಗಲಿಯಲ್ಲಿ ಪಂಚವಾರ್ಷಿಕ ಯೋಜನೆ

ಕೆಲಸಕ್ಕೆ ಸೇರಿದ ಮೊದಲ ದಿನ ಸಂಜೆ ನಾಲ್ಕೂಕಾಲಿಗೆ ಕ್ಯಾಂಪಸ್ಸಿನಲ್ಲಿ ಏನೋ ಅನಾಹುತವಾಗಿದೆ ಎಂದುಕೊಂಡೆ. ತರಗತಿಗಳಿಂದ, ಲೈಬ್ರರಿಯಿಂದ, ಕ್ಯಾಂಟೀನಿನಿಂದ ಹುಡುಗ ಹುಡುಗಿಯರೆಲ್ಲ ಒಂದೇ ದಿಕ್ಕಿಗೆ ಓಡುತ್ತಿದ್ದರು. ಲ್ಯಾಬಿನ ಬಿಳಿ ಕೋಟು ತೊಟ್ಟವರೂ ಓಡುತ್ತಿದ್ದರು. ಬೆಂಕಿಯೋ ಚಿರತೆಯೋ ಎಂದು ನಾನೂ ಬ್ಯಾಗು ಎತ್ತಿಕೊಂಡು ಹತ್ತು ಹೆಜ್ಜೆ ಓಡಿದೆ. ಗೇಟಿನ ಕಾವಲುಗಾರ ನಗು ತಡೆದುಕೊಂಡು, "ನೀವ್ಯಾಕ್ ಓಡೀರಿ ಮೇಡಂ, ಚಂದಕವಾಡಿ ಬಸ್ ಬಂತು ಕಣಿ, ಅಷ್ಟೆಯ" ಎಂದ. ಐದು ನಿಮಿಷದಲ್ಲಿ ಇಡೀ ವಿಶ್ವವಿದ್ಯಾಲಯ ಖಾಲಿ. ಉಳಿದದ್ದು ನಾನು ಮತ್ತು ನಾಲ್ಕು ನಾಯಿ.

ಧಾರವಾಡದಲ್ಲಿ ಕೂತು ಇದನ್ನು ಓದುವ ನಿಮಗೆ ಇದು ವಿಚಿತ್ರವೆನಿಸಬಹುದು. ನಮ್ಮಲ್ಲಿ ವಿಶ್ವವಿದ್ಯಾಲಯಕ್ಕೆ ಜೀವ ಬರುವುದೇ ಸಂಜೆ: ಗುಡ್ಡದ ಮೇಲೆ ವಾಕಿಂಗು, ಚಹಾದಂಗಡಿಯ ಮುಂದೆ ವಾದ, ಹಾಸ್ಟೆಲಿನ ಅಂಗಳದಲ್ಲಿ ಹಾಡು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ಹೊಸದಾಗಿ ಎದ್ದ ಈ ಖಾಸಗಿ ವಿಶ್ವವಿದ್ಯಾಲಯಕ್ಕೆ ಯೋಜನಾಧಿಕಾರಿಯಾಗಿ ಬಂದಾಗ ನನ್ನ ತಲೆಯಲ್ಲಿ ಆ ಧಾರವಾಡವೇ ತುಂಬಿತ್ತು. ಐದು ವರ್ಷದಲ್ಲಿ ಸಂಸ್ಥೆ ಎಲ್ಲಿಗೆ ಮುಟ್ಟಬೇಕು ಎಂದು ಬರೆದುಕೊಡುವುದು ನನ್ನ ಕೆಲಸ. ಬರೆಯುವುದರಲ್ಲಿ ನನಗೆ ಯಾವತ್ತೂ ಅಳುಕಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಮನೆ ಚಾಮರಾಜನಗರದಲ್ಲಿ ಸಿಕ್ಕಿತು, ಅರಿಸಿನ ವ್ಯಾಪಾರದವರ ಮಹಡಿಯ ಮೇಲೆ. ಮಾಲೀಕರ ಹೆಂಡತಿ ಬಾಗಿಲಲ್ಲೇ "ನೀವು ಯಾವ ಪೈಕಿ?" ಎಂದು ಜಾತಿ ಕೇಳಿದರು. ನಮ್ಮ ಕಡೆಯೂ ಕೇಳುತ್ತಾರೆ, ಆದರೆ ಊಟ, ಮಠ, ಮದುವೆ ಎಂದು ಊರು ಸುತ್ತಿ ಬಂದು ಕೇಳುತ್ತಾರೆ. ನನಗೇನೋ ನೇರ ದಾರಿಯೇ ಹಿಡಿಸಿತು. ಉತ್ತರ ಮಾತ್ರ ಕೊಡಲಿಲ್ಲ. ಅವರೂ ಬಿಡದೆ ಪ್ರತಿ ಭಾನುವಾರ ಕೇಳುತ್ತಾರೆ, ಜೊತೆಗೆ ಒಂದು ಬಟ್ಟಲು ಹುರುಳಿ ಬಸ್ಸಾರು ಕೊಡುತ್ತಾರೆ. ರಾಗಿಮುದ್ದೆಗೆ ಇಲ್ಲಿ ಹಿಟ್ಟು ಎನ್ನುತ್ತಾರೆ. ಅದನ್ನು ಅಗಿಯದೆ ನುಂಗಲು ಮೂರು ತಿಂಗಳು ಬೇಕಾಯಿತು. ಮೊದಲ ಸಲ ಸರಿಯಾಗಿ ನುಂಗಿದ ದಿನ ಪರೀಕ್ಷೆ ಪಾಸಾದಷ್ಟು ಹಿಗ್ಗಿದೆ. ಆದರೂ ರೊಟ್ಟಿ ಬಡಿಯುವ ಸದ್ದಿಲ್ಲದ ಬೆಳಗುಗಳಲ್ಲಿ ಅಳು ಬಂದದ್ದುಂಟು. ಅದನ್ನು ಮುಚ್ಚಿಡುವುದಿಲ್ಲ.

ನನ್ನ ಯೋಜನೆಯಲ್ಲಿ ನಾನು ಹೆಚ್ಚು ಹೆಮ್ಮೆಪಟ್ಟದ್ದು ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯದ ಅಧ್ಯಾಯದ ಬಗ್ಗೆ. 'ಮಾನಸಿಕ ಆರೋಗ್ಯ ಕೇಂದ್ರ' ಎಂಬ ದೊಡ್ಡ ಬೋರ್ಡಿನ ಕೋಣೆ ತೆರೆಸಿದೆ. ಗುಂಡ್ಲುಪೇಟೆಯಿಂದ ಬರುವ ನಸೀಮಾ ಎಂಬ ಆಪ್ತಸಮಾಲೋಚಕಿಯನ್ನು ನೇಮಿಸಿದೆವು. ಸಮಯ: ನಾಲ್ಕರಿಂದ ಆರು. ಹೌದು, ನಾಲ್ಕೂಕಾಲಿನ ಬಸ್ಸು ಕಣ್ಣಾರೆ ಕಂಡಿದ್ದವಳೇ ಇದನ್ನು ಬರೆದದ್ದು. ಜೊತೆಗೊಂದು ನಿಯಮ: ಯಾರಾದರೂ ವಾರವಿಡೀ ತರಗತಿಗೆ ಬರದಿದ್ದರೆ, ಅವರು ಸಂಕಟದಲ್ಲಿದ್ದಾರೆಂದು ತಿಳಿದು, ತಂದೆತಾಯಿ ಬಂದು ಕೇಂದ್ರವನ್ನು ಕಾಣಬೇಕೆಂದು ಕಾಗದ ಹೋಗಬೇಕು. ಕೋಣೆಗೆ ಒಂದು ತಿಂಗಳು ನೊಣವೂ ಬರಲಿಲ್ಲ. ಕಾಗದಗಳು ಮಾತ್ರ ಹೋದವು.

ಒಂದು ಕಾಗದ ಹೋದದ್ದು ಚಂದಕವಾಡಿಯ ಆಚೆಯ ಹಳ್ಳಿಯೊಂದಕ್ಕೆ, ಕೊನೆಯ ವರ್ಷದ ಬಿ.ಎಸ್‌ಸಿ. ಓದುತ್ತಿದ್ದ ಭಾಗ್ಯಳ ಮನೆಗೆ. (ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬದಲಿಸಿದ್ದೇನೆ.) ಕಾಗದ ಅವಳ ತಾಯಿಯ ಕೈಗೆ ಬಂದದ್ದು ಊರ ಅಂಗಡಿ ಜಗಲಿಯ ಮೇಲೆ; ಅಲ್ಲೇ ಯಾರೋ ಅದನ್ನು ಗಟ್ಟಿಯಾಗಿ ಓದಿದರು. ಸಂಜೆಯೊಳಗೆ ಹುಡುಗಿಗೆ ತಲೆ ಕೆಟ್ಟಿದೆಯಂತೆ ಎಂದು ಊರೆಲ್ಲ ಹಬ್ಬಿತು. ಇನ್ನು ಕಾಲೇಜು ಸಾಕು ಎಂದು ತಾಯಿ ಅವಳನ್ನು ಮನೆಯಲ್ಲೇ ಉಳಿಸಿಕೊಂಡರು. ಸುದ್ದಿ ತಂದ ಅವಳ ಗೆಳತಿ ನನ್ನ ಮುಖ ನೋಡದೆಯೇ ಹೇಳಿ ಹೋದಳು. ಮಾಡಿದ್ದುಣ್ಣೋ ಮಹರಾಯ. ಮರುದಿನ ನಾನು ಅದೇ ಬಸ್ಸು ಹತ್ತಿದೆ.

ಭಾಗ್ಯಳ ತಾಯಿ ಮಹದೇವಮ್ಮ ನನ್ನನ್ನು ಬಾಗಿಲಲ್ಲೇ ತಡೆದರು. ಹೊಸ್ತಿಲ ಮೇಲೆ ಸುಣ್ಣದ ಪುಡಿ ಹರಡಿತ್ತು. "ಒಳಕ್ ಬರಬ್ಯಾಡಿ ಕಣವ್ವ. ಉಳ ಮೇಯ್ತಾವೆ, ಒರಗಿನೋರ್ನ ಬುಡಂಗಿಲ್ಲ" ಎಂದರು. ರೇಷ್ಮೆಹುಳ ಗೂಡು ಕಟ್ಟುವ ಮುಂಚಿನ ಒಂದೆರಡು ವಾರ ಹೊತ್ತು ಗೊತ್ತಿಲ್ಲದೆ ತಿನ್ನುತ್ತದಂತೆ. ಹೊರಗಿನವರ ಕಾಲಿನಿಂದ ರೋಗ ಬಂದರೆ ಬೆಳೆಯೇ ಹೋಯಿತು. ಆ ದಿನಗಳಲ್ಲಿ ಮನೆಮಂದಿಯೆಲ್ಲ ಸೊಪ್ಪಿನ ಚಾಕರಿಯಲ್ಲಿರುತ್ತಾರೆ. ಭಾಗ್ಯ ಬರದಿದ್ದುದಕ್ಕೆ ಅಷ್ಟೇ ಕಾರಣ.

"ನಮ್ ಮಗೀಗೆ ತಲೆ ಕೆಟ್ಟದ ಅಂತ ಕಾಗ್ದ ಬರ್ದೋರು ನೀವೇಯಾ?"

"ನಾನೇ. ಹಾಗೆ ಬರೆದಿರಲಿಲ್ಲ, ಆದರೆ ಹಾಗೆ ಓದುತ್ತಾರೆಂದು ನನಗೆ ಹೊಳೆಯಬೇಕಿತ್ತು. ತಪ್ಪಾಯಿತು."

"ಆಡ್ದ ಮಾತು, ಒಡ್ದ ಮುತ್ತು. ನಾಳೆಕ್ ಗಂಡಿನ ಕಡೆಯೋರು ಬಂದಾಗ ಈ ಜನ ಸುಮ್ನಿದ್ದಾರಾ?" ಎಂದರು. ಮತ್ತೆ, "ನಿಂತೇ ಇದ್ದೀರಲ್ಲ, ಕೂತ್ಕಳಿ. ಸುಮ್ನೆ ಯಾಕ್ ಕೂತ್ಕತೀರಿ, ಸೊಪ್ಪು ಬುಡ್ಸಿ" ಎಂದು ಹಿಪ್ಪುನೇರಳೆ ಕಡ್ಡಿಗಳ ಹೊರೆಯನ್ನು ಜಗಲಿಗೆ ನೂಕಿದರು.

ಒಳಗಿಂದ ಭಾಗ್ಯಳೂ ಬಂದಳು; ಮೂವರೂ ಕೂತು ಕಡ್ಡಿಯಿಂದ ಎಲೆ ಬಿಡಿಸಿದೆವು. ಅವಳು ನನ್ನ ಪಕ್ಕದಲ್ಲಿದ್ದಳು. ಅರ್ಧ ಗಂಟೆಯಲ್ಲಿ ಒಂದು ಬುಟ್ಟಿ ತುಂಬಿತು. ಆಮೇಲೆ ಅವಳೇ, ಎಲೆಯ ಮೇಲಿನ ಕಣ್ಣು ತೆಗೆಯದೆ ಹೇಳಿದಳು: "ಕಳ್ದ ಸೆಮಿಸ್ಟರ್ನಲ್ಲಿ ಎರಡು ಪೇಪರ್ ಫೇಲಾದ್ಮೇಲಿಂದ ನಿದ್ದೆ ಬತ್ತಿಲ್ಲ ಮೇಡಂ. ಪುಸ್ತಕ ತಗುದ್ರೆ ಎದೆ ಡವಡವ ಅಂತದ. ನಿಮ್ ರೂಮ್ ಗಂಟ ಎರಡ್ ಸಲ ಬಂದಿದ್ದೆ. ಬೋರ್ಡ್ ನೋಡ್ಬುಟ್ಟು ತಿರಿಕಂಡ್ ಬಂದೆ."

ಮಹದೇವಮ್ಮನ ಕೈ ನಿಂತಿತು. "ನಂಗ್ಯಾಕ್ ಏಳ್ನಿಲ್ಲ ಕಣಮ್ಮಿ?"

"ನಿಂಗ ಉಳ ನೋಡದೇ ಸಾಕಾಗದ ಅಲ್ವಾ."

ತಾಯಿ ಮಗಳ ಮುಂದಿದ್ದ ಕಡ್ಡಿಗಳನ್ನು ತಮ್ಮ ಕಡೆಗೆ ಎಳೆದುಕೊಂಡರು. ನನ್ನ ಕೋಣೆಯಲ್ಲಿ ಎರಡು ಕುರ್ಚಿ ಎದುರುಬದುರು ಇಟ್ಟು, ಮುಖಕ್ಕೆ ಮುಖ ಕೊಟ್ಟು ದುಃಖ ಹೇಳಿ ಎಂದು ಕಾಯುತ್ತಿದ್ದೆವು. ಇಲ್ಲಿಯವರು ದುಃಖ ಹೇಳುವುದು ಕೈ ಕೆಲಸದಲ್ಲಿರುವಾಗ, ಕಣ್ಣು ಬೇರೆಲ್ಲೋ ಇರುವಾಗ. ಒಂದು ಹೊರೆ ಸೊಪ್ಪು ಹೇಳಿಕೊಟ್ಟಷ್ಟನ್ನು ಬಣ್ಣಬಣ್ಣದ ನಕ್ಷೆಗಳ ನನ್ನ ಅಧ್ಯಾಯ ಹೇಳಿರಲಿಲ್ಲ.

ಮುಂದಿನ ವಾರ ಅಕಾಡೆಮಿಕ್ ಕೌನ್ಸಿಲ್ ಸಭೆಯಲ್ಲಿ ನನ್ನ ಯೋಜನೆಯನ್ನು ನಾನೇ ತಿದ್ದಲು ಎದ್ದುನಿಂತೆ. ಕುಲಪತಿಗಳು ನೊಂದು, "ಮುದ್ರಣವಾಗಿ ಬಂದಿದೆಯಲ್ಲಮ್ಮ" ಎಂದರು. ಹಿರಿಯ ಸದಸ್ಯರೊಬ್ಬರು, "ಹುಳ ಸಾಕುವುದಕ್ಕೆ ಹಾಜರಾತಿ ವಿನಾಯಿತಿ ಬೇರೆ ಯಾವ ವಿಶ್ವವಿದ್ಯಾಲಯದಲ್ಲಿದೆ?" ಎಂದು ಕೇಳಿದರು. "ಎಲ್ಲೂ ಇಲ್ಲದಿದ್ದರೆ ನಮ್ಮದೇ ಮೊದಲಾಗಲಿ. ಬೇರೆ ಊರಿನ ಮಕ್ಕಳಿಗೆ ಬರೆದ ಯೋಜನೆಯನ್ನು ಈ ಊರಿನ ಮಕ್ಕಳಿಗೆ ತೊಡಿಸಿದ್ದು ನನ್ನ ತಪ್ಪು. ನಡಾವಳಿಯಲ್ಲಿ ನನ್ನ ಹೆಸರು ಹಾಕಿಯೇ ಬರೆಯಿರಿ" ಎಂದೆ. ತಪ್ಪು ತಂದು ಕೈಗಿಟ್ಟವರನ್ನು ಏನು ಮಾಡಬೇಕೆಂದು ಸಭೆಗಳಿಗೆ ಗೊತ್ತಿರುವುದಿಲ್ಲ. ಎರಡು ಗಂಟೆಯಲ್ಲಿ ಎಲ್ಲ ಒಪ್ಪಿಗೆಯಾಯಿತು. ವಿದ್ಯಾರ್ಥಿ ಒಪ್ಪದೆ ಮನೆಗೆ ಕಾಗದ ಹೋಗಬಾರದು. ಹುಳದ ದಿನಗಳಲ್ಲಿ ತಪ್ಪಿದ ಪಾಠ ಆಮೇಲೆ ಮಾಡಿಸಬೇಕು. ಬೋರ್ಡು ಇಳಿಯಿತು. ನಸೀಮಾ ಈಗ ಮಧ್ಯಾಹ್ನದ ಬಿಡುವಿನಲ್ಲಿ ಕ್ಯಾಂಪಸ್ಸಿನ ಸಸಿತೋಟದಲ್ಲಿ ಕೂರುತ್ತಾಳೆ. ಬಂದವರು ಅವಳ ಜೊತೆ ಸಸಿಚೀಲಕ್ಕೆ ಮಣ್ಣು ತುಂಬುತ್ತಾರೆ. ಈ ವರ್ಷ ನಮ್ಮಲ್ಲಿ ಬೇವಿನ ಸಸಿ ವಿಪರೀತ.

ತಿದ್ದಿದ ನಿಯಮಗಳನ್ನು ಹಿಡಿದು ಮತ್ತೆ ಮಹದೇವಮ್ಮನ ಮನೆಗೆ ಹೋದೆ. ಈ ಸಲ ಒಳಗೆ ಕರೆದರು. ಕಾಗದವನ್ನು ಅವರು ಮುಟ್ಟಲೂ ಇಲ್ಲ.

"ನಿಯಮ ಗಿಯಮ ನಂಗೊತ್ತಿಲ್ಲ. ನೀವು ಇನ್ನ ಎಷ್ಟ್ ದಿನ ಇದ್ದೀರಿ ಈ ಊರಲ್ಲಿ?"

ನನ್ನ ಕರಾರು ಮಾರ್ಚಿಗೆ ಮುಗಿಯುತ್ತಿತ್ತು. ಧಾರವಾಡದಲ್ಲಿ ಒಂದು ಕೆಲಸ ಒಪ್ಪಿಯೂ ಆಗಿತ್ತು. ಭಾಗ್ಯಳ ಕೊನೆಯ ಪರೀಕ್ಷೆ ಜೂನಿನಲ್ಲಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಅಂಗಾದ್ರ ಕೇಳಿ. ನೀವು ಇರಗಂಟ ನನ್ ಮಗಳ ಕಳುಸ್ತೀನಿ. ನೀವು ಒಂಟ ಮಾರ್ನೆ ದಿಸ ಅವ್ಳೂ ಮನೇಲಿ" ಎಂದರು ಮಹದೇವಮ್ಮ. ಭಾಗ್ಯ ಗೋಡೆಗೆ ಒರಗಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು.

"ಇರುತ್ತೇನೆ" ಎಂದೆ. ಹೇಳುವಾಗ ಎದೆ ಅಲುಗಲಿಲ್ಲ. ಸೋಮವಾರ ಅವಳು ಮೊದಲ ಬಸ್ಸಿಗೇ ಬಂದಳು.

ಎದೆ ಅಲುಗಿದ್ದು ಮಂಗಳವಾರ ಬೆಳಿಗ್ಗೆ ಆಫೀಸಿನಿಂದ ಅವ್ವನಿಗೆ ಫೋನ್ ಮಾಡಿದಾಗ. ಅಣ್ಣನ ಮನೆಯ ಅಡುಗೆಮನೆಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಕೇಳಿ ನನಗೆ ಈಗಲೇ ರೈಲು ಹತ್ತಬೇಕೆನಿಸಿತು, ಸಸಿತೋಟದ ಕಡೆಗೂ ಕಣ್ಣು ಹೋಯಿತು. ಧಾರವಾಡದ ಕೆಲಸ ಬೇಡವೆಂದು ಬರೆದಿದ್ದೇನೆ, ಇಲ್ಲಿನ ಕರಾರು ಮುಂದುವರಿಸಲು ಕೇಳಿದ್ದೇನೆ, ಒಬ್ಬ ಹುಡುಗಿಯ ಪರೀಕ್ಷೆ ಮುಗಿಯುವತನಕ ಬರುವುದಿಲ್ಲ ಎಂದೆ. ರೊಟ್ಟಿಯ ಸದ್ದು ನಿಂತಿತು.

"ಇರು, ಪರೀಕ್ಷಾ ಮುಗಸೇ ಬಾ" ಎಂದಳು ಅವ್ವ. "ಆದ್ರ ಆಕಿದು ಮುಗದಮ್ಯಾಲ ಇನ್ನೊಬ್ಬಾಕಿ ಇರ್ತಾಳ. ಅದು ನನಗ ಗೊತ್ತೈತಿ, ನಿನಗ ಇನ್ನೂ ಗೊತ್ತಿಲ್ಲ."