ಅಕ್ಕನ ಬೂದುಬಣ್ಣ

ನಮ್ಮಕ್ಕ ನವ್ಯ ಚಿತ್ರಕಲಾವಿದೆ. ಅಂದರೆ ಅವಳ ಚಿತ್ರದಲ್ಲಿ ಮರ ಯಾವುದು, ಮನುಷ್ಯ ಯಾರು ಎಂದು ಕೇಳುವಂತಿಲ್ಲ. ಅಂಗಿಯ ತೋಳಿಗೇ ಕುಂಚ ಒರೆಸಿಕೊಂಡು, ಆರಿದ ಕಾಫಿಯನ್ನು ಮೂರು ಸಲ ಬಿಸಿಮಾಡಿಸಿಕೊಂಡು, ಒಂದೇ ಬೂದುಬಣ್ಣದ ಮುಂದೆ ವಾರಗಟ್ಟಲೆ ಕೂರುತ್ತಾಳೆ. "ಇದೇನು?" ಎಂದವರಿಗೆ "ಅವಸರ ಏನಿದೆ, ನೋಡ್ತಾ ಇರಿ" ಎನ್ನುತ್ತಾಳೆ. ಸೋಫಾಕ್ಕೆ ಹೊಂದುವ ಹಾಗೆ ಸ್ವಲ್ಪ ಕೆಂಪು ಹಾಕಿಕೊಡಿ ಎಂದ ಶ್ರೀಮಂತರೊಬ್ಬರಿಗೆ, "ಸೋಫಾನೇ ಬದಲಾಯಿಸಿ" ಎಂದು ಬಾಗಿಲು ತೋರಿಸಿದವಳು. ಇಪ್ಪತ್ತು ವರ್ಷ ಯಾರೂ ತಿರುಗಿ ನೋಡಲಿಲ್ಲ. ಈಗ ದೊಡ್ಡ ದೊಡ್ಡ ಗ್ಯಾಲರಿಯವರು ಅವಳ ದಾರಿ ಕಾಯುತ್ತಾರೆ. ವಿಮರ್ಶಕರ ಹೊಗಳಿಕೆಯನ್ನು ಅವಳು ಓದುವುದೂ ಇಲ್ಲ. ಆದರೆ ಊರವರ ಗೋಡೆಗಳಿಗೆ ಬಣ್ಣ ಬಳಿದು ನಮ್ಮನ್ನು ಸಾಕಿದ ಅಪ್ಪ, ಮೊನ್ನೆ ಮೊದಲ ಬಾರಿ ಪ್ರದರ್ಶನಕ್ಕೆ ಬಂದು, ಕನ್ನಡಕ ಏರಿಸಿ, ಚಿತ್ರದ ಅಂಚಂಚನ್ನೂ ನೋಡಿ, "ಕೈ ಪಳಗಿದೆ ಕಣೇ" ಎಂದದ್ದನ್ನು ಮಾತ್ರ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದಾಳೆ.